ಮೊದಲು ಹಾಸು, ಆಮೇಲೆ ಹೊಳಪು

ಸೇಡಂ, ಚಿತ್ತಾಪುರಗಳಲ್ಲಿಯೂ ಈಗ ಅಂಗಡಿಗೆ, ಶಾಲೆಗೆ ಜಾಲತಾಣ ಮಾಡಿಸುವವರುಂಟು. ಅಂಥ ಗೃಹಸ್ಥರು ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು.

ಪುಟದ ನೆತ್ತಿಯಲ್ಲಿರುವ ಹೆಸರುಗಳ ಸಾಲೇ ಮೆನು. ಮೌಸಿನ ಬಾಣವು ಒಂದು ಹೆಸರಿನ ಮೇಲೆ ನಿಂತೊಡನೆ ಕೆಳಗೆ ಉಪಪಟ್ಟಿ ಇಳಿಯುವಂತೆ ಸಿಎಸ್ಎಸ್ ಎಂಬ ಅಲಂಕಾರವಿಧಿಯಿಂದ ಏರ್ಪಡಿಸುವುದುಂಟು. ಆದರೆ 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಎಂಬ ಬ್ರೌಸರು ಬಾಣದ ಸುಳಿವನ್ನು ಕೊಂಡಿಗಳ ಮೇಲೆ ಮಾತ್ರ ಅರಿಯುತ್ತಿತ್ತು. ಪಟ್ಟಿಯ ಇತರ ಭಾಗಗಳ ಮೇಲೆ ಅರಿಯದು. ಆದುದರಿಂದ ಉಪಪಟ್ಟಿಯು ತೆರೆಯುತ್ತಲೇ ಇರಲಿಲ್ಲ. 2003ರಲ್ಲಿ ಪ್ರಕಟವಾದ ‘ಸಕರ್‌ಫಿಶ್’ ವಿಧಾನವು ಜಾವಾಸ್ಕ್ರಿಪ್ಟಿನ ಕೆಲವೇ ಸಾಲುಗಳಿಂದ ಈ ಕೊರತೆಯನ್ನು ನೀಗಿಸಿತು.

ಆ ಬ್ರೌಸರಿನ ಕಾಲ ಮುಗಿಯಿತು, ತೊಡಕು ಮುಗಿಯಲಿಲ್ಲ. ಮೊಬೈಲಿನ ಗಾಜಿನ ಮೇಲೆ ಬೆರಳು ಒತ್ತುವುದೇ ಹೊರತು, ಬಾಣದಂತೆ ಸುಮ್ಮನೆ ನಿಲ್ಲದು.

ಶಹಾಬಾದಿನ ಕಲ್ಲು ಹಾಸುವವರು ಮೊದಲು ಮಟ್ಟ ನೋಡಿ ಕೂಡಿಸುವರು, ಹೊಳಪು ಆಮೇಲೆ. ಮೆನುವಿಗೂ ಅದೇ ಕ್ರಮವು ಲೇಸು. ಮೇಲಿನ ಪ್ರತಿಯೊಂದು ಹೆಸರೂ ನಿಜವಾದ ಕೊಂಡಿಯಾಗಿರಲಿ. ಅದನ್ನು ಒತ್ತಿದರೆ, ಉಪಪಟ್ಟಿಯಲ್ಲಿರುವುದೆಲ್ಲವೂ ಸಾಲಾಗಿ ಕಾಣುವ ಪುಟವು ತೆರೆಯಲಿ. ಇಳಿಯುವ ಸೊಬಗನ್ನು ಅದರ ಮೇಲೆ ಕೂಡಿಸಿರಿ. ಚಿಂಚೋಳಿಯ ಹಳ್ಳಿಯವನೊಬ್ಬನು ಹಳೆಯ ಯಂತ್ರದಲ್ಲಿ ಮಗಳ ಶಾಲೆಯ ಶುಲ್ಕದ ವಿವರವನ್ನು ಹುಡುಕುವಾಗ, ಅಂದ ಕೆಟ್ಟರೆ ಕೆಡಲಿ. ದಾರಿ ಮಾತ್ರ ಮುಚ್ಚಬಾರದು.