ಮುಪ್ಪು, ನಡಿಗೆ ಮತ್ತು ಬಸ್ಸು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ನಮ್ಮ ಹಿರಿಯರು ಹಣದ ವಿಷಯವಾಗಿ ಹೇಳಿದರು. ವಿಚಾರ ಮಾಡಿ ನೋಡಿದರೆ ಅದು ಮೈಯ ವಿಷಯದಲ್ಲಿಯೂ ಅಷ್ಟೇ ಸತ್ಯ. ಹರೆಯದಲ್ಲಿ ಎಷ್ಟೇ ಬಲವನ್ನು ಕೂಡಿಟ್ಟಿರಲಿ, ಕುಳಿತೇ ಕಾಲ ಕಳೆಯುವವನಿಗೆ ಅದು ಬಹುಕಾಲ ಒದಗುವುದಿಲ್ಲ.

ಆರೋಗ್ಯವೆಂದೊಡನೆ ನಮಗೆ ಆಸ್ಪತ್ರೆ ನೆನಪಾಗುತ್ತದೆ, ಔಷಧ ನೆನಪಾಗುತ್ತದೆ. ಅನುಕೂಲಸ್ಥರಿಗೆ ವ್ಯಾಯಾಮಶಾಲೆ ನೆನಪಾಗುತ್ತದೆ. ಬಸ್ಸು ಯಾರಿಗೂ ನೆನಪಾಗುವುದಿಲ್ಲ. ಊರಿನಿಂದ ಊರಿಗೆ ಜನರನ್ನು ಸಾಗಿಸುವ ಗಾಡಿಗೂ ಮುದುಕರ ಆರೋಗ್ಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ, ಅದು ನಿಕಟವಾದ ಸಂಬಂಧ ಎಂಬುದೇ ಈ ಲೇಖನದಲ್ಲಿ ನಾನು ಹೇಳಹೊರಟಿರುವ ಮಾತು.

ಬಸ್ಸಿಗೂ ದೇಹಶ್ರಮಕ್ಕೂ ಇರುವ ನಂಟನ್ನು ವೈದ್ಯಲೋಕ ಮೊದಲು ಗಮನಿಸಿದ್ದು ಒಂದು ವಿಚಿತ್ರ ರೀತಿಯಲ್ಲಿ. ಲಂಡನ್ನಿನ ಮಹಡಿ ಬಸ್ಸುಗಳಲ್ಲಿ ಇಬ್ಬರು ನೌಕರರಿರುತ್ತಿದ್ದರು. ಚಾಲಕನು ಕೆಲಸದ ವೇಳೆಯ ಹೆಚ್ಚುಪಾಲು ಕುಳಿತೇ ಇರುವವನು; ಕಂಡಕ್ಟರನು ಟಿಕೀಟು ಕೊಡುತ್ತ ದಿನವೊಂದಕ್ಕೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತುವವನು. ಒಂದೇ ಬಸ್ಸು, ಒಂದೇ ರಸ್ತೆ, ಒಂದೇ ಹೊಗೆ. ಹೀಗಿದ್ದೂ ಚಾಲಕರಿಗಿಂತ ಕಂಡಕ್ಟರರಲ್ಲಿ ಹೃದಯರೋಗ ಕಡಿಮೆ ಎಂದು ಡಾಕ್ಟರ್ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಾಲಕರು ಕೆಲಸಕ್ಕೆ ಸೇರುವಾಗಲೇ ಸ್ಥೂಲಕಾಯರಾಗಿದ್ದಿರಬಹುದಲ್ಲವೆ ಎಂಬ ಸಂದೇಹವೂ ಬಂದಿತು. ಮಾರಿಸ್ ಅದನ್ನು ಅಡಗಿಸಲಿಲ್ಲ. ಸಮವಸ್ತ್ರದ ಸೊಂಟದ ಅಳತೆಗಳನ್ನೇ ತರಿಸಿ ನೋಡಿ, ಸಂದೇಹದಲ್ಲಿ ಹುರುಳಿದೆಯೆಂದು ಒಪ್ಪಿಕೊಂಡು, ಸಂಶೋಧನೆಯನ್ನು ಮುಂದುವರಿಸಿದರು. ಮೈದಣಿಸುವುದು ಹೃದಯಕ್ಕೆ ಹಿತವೆಂಬ ಮಾತು ಅನಂತರ ನಡೆದ ಹಲವು ಪರೀಕ್ಷೆಗಳಿಂದ ಗಟ್ಟಿಯಾಯಿತು. ಮಾರಿಸ್ ಅವರೇ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಇದು ಬಸ್ಸಿನಲ್ಲಿ ದುಡಿಯುವವರ ಮಾತಾಯಿತು. ಬಸ್ಸಿನಲ್ಲಿ ಹೋಗುವವರ ಮಾತೇನು? ಬಸ್ಸು ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ಅದರ ದೋಷವೆಂದು ನಾವು ದೂರುವ ಈ ಸಂಗತಿಯೇ ಅದರ ದೊಡ್ಡ ಗುಣ. ಮನೆಯಿಂದ ನಿಲ್ದಾಣಕ್ಕೆ ನಡೆಯಬೇಕು, ಇಳಿದ ಮೇಲೆ ಹೋಗಬೇಕಾದ ಕಡೆಗೆ ನಡೆಯಬೇಕು, ಹಿಂತಿರುಗುವಾಗಲೂ ಹಾಗೆಯೇ. ಅಮೆರಿಕೆಯಲ್ಲಿ ಬಸ್ಸು ರೈಲುಗಳನ್ನು ಉಪಯೋಗಿಸುವವರ ಲೆಕ್ಕ ತೆಗೆದು 2005ರಲ್ಲಿ ಪ್ರಕಟಿಸಿದಾಗ, ಅವರಲ್ಲಿ ಅರ್ಧದಷ್ಟು ಜನ ಈ ಕಾರಣಕ್ಕಾಗಿಯೇ ದಿನಕ್ಕೆ 19 ನಿಮಿಷ ಅಥವಾ ಅದಕ್ಕೂ ಹೆಚ್ಚು ನಡೆಯುತ್ತಿದ್ದರೆಂದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕು. 65 ದಾಟಿದವರಿಗೂ ಇದೇ ಅಳತೆ. ನಿಲ್ದಾಣ ಹತ್ತು ನಿಮಿಷ, ಆಚೆಯ ತುದಿಯಲ್ಲಿ ಹತ್ತು ನಿಮಿಷ, ಬರುವಾಗ ಮತ್ತೆ ಅಷ್ಟೇ. ದಿನಕ್ಕೆ ನಲವತ್ತು ನಿಮಿಷ. ತುಸು ಬಿರುಸಾಗಿ ನಡೆದರೆ ವಾರಕ್ಕೆ ನಾಲ್ಕೇ ದಿನದಲ್ಲಿ ಆ ಲೆಕ್ಕ ತುಂಬಿಬಿಡುತ್ತದೆ.

ಮುಪ್ಪಿನಲ್ಲಿ ಮಾಂಸಖಂಡಗಳು ತಾವಾಗಿಯೇ ಕರಗತೊಡಗುತ್ತವೆ, ಮೂಳೆ ಸಡಿಲವಾಗುತ್ತದೆ, ಮೈಯ ತೂಕ ಹಿಡಿಯುವ ಶಕ್ತಿ ತಪ್ಪುತ್ತದೆ. ನಡಿಗೆ ಈ ಇಳಿತವನ್ನು ಪೂರ್ತಿ ನಿಲ್ಲಿಸಲಾರದು, ಆದರೆ ನಿಧಾನ ಮಾಡಬಲ್ಲದು. ವ್ಯಾಯಾಮಕ್ಕಾಗಿಯೇ ನಡೆಯಿರೆಂದು ವೈದ್ಯರು ಹೇಳಿದರೆ ನಾಲ್ಕು ದಿನ ನಡೆದು ಐದನೆಯ ದಿನ ಬಿಡುವವರೇ ಹೆಚ್ಚು. ಸಂತೆಗೆ, ಮಗಳ ಮನೆಗೆ, ದೇವಸ್ಥಾನಕ್ಕೆ ಹೋಗುವ ನಡಿಗೆಯನ್ನು ಯಾರೂ ಬಿಡುವುದಿಲ್ಲ. ಅದಕ್ಕೊಂದು ಗುರಿಯಿದೆ, ಗುರಿಯ ಕೊನೆಗೆ ಮಾತನಾಡಿಸುವ ಜನರಿದ್ದಾರೆ.

ಇಂಗ್ಲೆಂಡಿನಲ್ಲಿ 2006ರಲ್ಲಿ 60 ದಾಟಿದವರಿಗೆ ಸ್ಥಳೀಯ ಬಸ್ಸು ಪ್ರಯಾಣವನ್ನು ಉಚಿತ ಮಾಡಿದರು. ಅರ್ಹತೆಯ ವಯಸ್ಸನ್ನು ಆಮೇಲೆ ಏರಿಸಿದರು. ಪಾಸು ಇದ್ದ ವೃದ್ಧರು ಇಲ್ಲದವರಿಗಿಂತ ಹೆಚ್ಚಾಗಿ ನಡೆಯುತ್ತಿದ್ದರೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಡೆಯಬಲ್ಲವರೇ ಪಾಸು ಪಡೆಯುತ್ತಾರೆಂದು ತರ್ಕ ಮಾಡಬಹುದು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ, ಖರ್ಚಿನ ಭಯವಿಲ್ಲದವನು ಹೊಸ್ತಿಲು ದಾಟುವುದು ಸುಲಭವೆಂಬುದಕ್ಕೆ ದೊಡ್ಡ ಪ್ರಮಾಣವೇನೂ ಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ 60 ವರ್ಷವಾದವರಿಗೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಶೇಕಡಾ 25ರಷ್ಟು ರಿಯಾಯಿತಿ ಉಂಟು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಪ್ರಯಾಣ ಉಚಿತವಾಯಿತು. ಈ ಯೋಜನೆಯ ಖರ್ಚನ್ನು ಕುರಿತು ವಾದ ನಡೆಯುತ್ತಲೇ ಇದೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಖರ್ಚನ್ನು ಬರೆಯುವ ಪುಸ್ತಕದಲ್ಲಿ ಮುದುಕಿಯರು ನಡೆದ ಮೈಲಿಗಳಿಗೂ ಒಂದು ಕಲಮಿರಲಿ ಎಂದಷ್ಟೇ ನನ್ನ ಸೂಚನೆ.

ನನ್ನ ಅಜ್ಜಿಗೆ 72 ವರ್ಷ. ಹಳ್ಳಿಯಿಂದ ಹೆದ್ದಾರಿಯ ಗೇಟಿಗೆ ಮುಕ್ಕಾಲು ಮೈಲಿ ನಡೆದು, ಬಸ್ಸು ಹತ್ತಿ ವಾರದ ಸಂತೆಗೂ ತಂಗಿಯ ಮನೆಗೂ ತಾನೊಬ್ಬಳೇ ಹೋಗಿಬರುತ್ತಿದ್ದಳು. ಒಂದು ಮಳೆಗಾಲದಲ್ಲಿ ದಾರಿಯ ಚರಂಡಿಯ ಮೇಲಿನ ಚಪ್ಪಡಿಗಳನ್ನು ಯಾವುದೋ ಕೆಲಸಕ್ಕೆಂದು ಎತ್ತಿದವರು ಹಾಗೆಯೇ ಬಿಟ್ಟುಹೋದರು. ಬಿದ್ದೇನೆಂಬ ಹೆದರಿಕೆಯಿಂದ ಅಜ್ಜಿ ಹೊರಗೆ ಹೋಗುವುದನ್ನು ನಿಲ್ಲಿಸಿದಳು. ನಾಲ್ಕು ತಿಂಗಳಾಗುವ ಹೊತ್ತಿಗೆ ಮನೆಯೊಳಗೆ ಗೋಡೆ ಹಿಡಿದು ಓಡಾಡುವಂತಾದಳು. ಕೊನೆಗೆ ಊರವರೇ ಚಪ್ಪಡಿ ಹಾಕಿಸಿದರು. ಅಜ್ಜಿ ಈಗ ಮತ್ತೆ ಸಂತೆಗೆ ಹೋಗುತ್ತಾಳೆ, ಆದರೆ ಕೈಯಲ್ಲಿ ಕೋಲಿದೆ, ಜೊತೆಗೊಬ್ಬರು ಬೇಕು. ಚಪ್ಪಡಿ ಮರಳಿ ಬಂತು. ಕಳೆದ ನಡಿಗೆ ಪೂರ್ತಿಯಾಗಿ ಬರಲಿಲ್ಲ.

ಆದುದರಿಂದ ಬಸ್ಸನ್ನು ಬಿಟ್ಟರೆ ಮಾತ್ರ ಸಾಲದು, ಬಸ್ಸಿನವರೆಗಿನ ದಾರಿಯನ್ನೂ ಬಸ್ಸಿನ ಭಾಗವೆಂದೇ ಎಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಲುದಾರಿ ಸಮತಟ್ಟಾಗಿರಬೇಕು, ಅದರ ಮೇಲೆ ಮೋಟಾರು ಸೈಕಲ್ಲು ನಿಲ್ಲಬಾರದು. ನಿಲ್ದಾಣದಲ್ಲಿ ನೆರಳೂ ಕೂರಲು ಕಲ್ಲುಬೆಂಚೂ ಇರಬೇಕು. ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರಕ್ಕೆ ಇರಬಾರದು. ಮುದುಕರು ಹಿಡಿ ಹಿಡಿದು ನಿಲ್ಲುವವರೆಗೆ ಸೀಟಿ ಊದಬಾರದು. ಇವು ಯಾವುವೂ ಆಸ್ಪತ್ರೆ ಕಟ್ಟುವಷ್ಟು ವೆಚ್ಚದ ಕೆಲಸಗಳಲ್ಲ.

ವಯಸ್ಸಾದವರನ್ನು ನಡೆಸುವುದು ನಿರ್ದಯವಲ್ಲವೆ, ಸ್ಕೂಟರಿನಲ್ಲಿ ಕರೆದೊಯ್ದು ಬಿಡುವುದೇ ಪ್ರೀತಿಯಲ್ಲವೆ ಎಂದು ನನ್ನ ಸಹಪಾಠಿಗಳು ಕೇಳಿದ್ದಾರೆ. ಕಾಯಿಲೆಯವರಿಗೆ, ನಡೆಯಲಾರದವರಿಗೆ ವಾಹನ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ನಡೆಯಬಲ್ಲವರನ್ನು ಪ್ರೀತಿಯ ಹೆಸರಿನಲ್ಲಿ ಕುರ್ಚಿಗೆ ಕಟ್ಟಿಹಾಕುವುದು ಉಪಕಾರವಾಗಲಾರದು. ಮೊಮ್ಮಗನಿಗೆ ಬಿಡುವಾದಾಗ ಮಾತ್ರ ಹೊರಗೆ ಹೋಗಬೇಕಾದ ಅಜ್ಜ, ತನ್ನಿಚ್ಛೆ ಬಂದಾಗ ಬಸ್ಸು ಹತ್ತುವ ಅಜ್ಜನಷ್ಟು ಸ್ವತಂತ್ರನೆ?

ಇನ್ನು ನಮ್ಮ ವಿಷಯ. ಕಾಲೇಜಿಗೆ ಬಸ್ಸಿನಲ್ಲಿ ಬರುವವರು ಬೈಕಿನಲ್ಲಿ ಬರುವವರ ಮುಂದೆ ಸಂಕೋಚಪಡುವುದನ್ನು ನಾನು ಕಂಡಿದ್ದೇನೆ. ಸಂಕೋಚಕ್ಕೆ ಕಾರಣವಿಲ್ಲ. ಅರುವತ್ತರ ಕಾಲುಗಳು ಅರುವತ್ತರಲ್ಲಿ ಹೊಸದಾಗಿ ಬೆಳೆಯುವುದಿಲ್ಲ. ಇಪ್ಪತ್ತರ ಕಾಲುಗಳೇ ಅಲ್ಲಿಯವರೆಗೆ ನಡೆದುಕೊಂಡು ಹೋಗಬೇಕು. ನಮ್ಮ ಸಮಾಜಸೇವಾ ಶಿಬಿರಗಳಲ್ಲಿ ಹಳ್ಳಿಗೆ ಹೋಗುತ್ತೇವೆ, ರಸ್ತೆ ಗುಡಿಸುತ್ತೇವೆ, ಭಾಷಣ ಮಾಡುತ್ತೇವೆ. ಮುಂದಿನ ಶಿಬಿರದಲ್ಲಿ ಊರಿನಿಂದ ನಿಲ್ದಾಣದವರೆಗಿನ ದಾರಿಯನ್ನು ಒಬ್ಬ ವೃದ್ಧರೊಡನೆ ಅವರ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆದು ನೋಡೋಣ. ಎಲ್ಲಿ ಅವರು ಅಳುಕಿ ನಿಲ್ಲುವರೋ ಆ ಜಾಗವನ್ನು ಗುರುತು ಹಾಕಿಕೊಂಡು ಪಂಚಾಯಿತಿಗೆ ಅರ್ಜಿ ಬರೆಯೋಣ. ಅಧ್ಯಾಪಕರು ಅದಕ್ಕೆ ಮಾರ್ಗದರ್ಶನ ನೀಡಬೇಕೆಂದು ವಿನಂತಿ.