ಸೊನ್ನೆ ಅಂದ್ರೆ ಗ್ಯಾಸ್ ಇಲ್ಲ ಅಂತಲ್ಲ

ಪ್ರೋಗ್ರಾಮ್ ಬರೆಯುವವರಿಗೆ ಸೊನ್ನೆಗೂ ನಲ್‌ಗೂ ಇರುವ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಒಂದು ಸಾಲು: ಸೊನ್ನೆ ಅಂದ್ರೆ "ಎಣಿಸಿ ನೋಡಿದೆ, ಏನೂ ಇರಲಿಲ್ಲ" ಅಂತ. ನಲ್ ಅಂದ್ರೆ "ನಾನು ಎಣಿಸಲೇ ಇಲ್ಲ" ಅಂತ. ಯಾವುದೋ ಸೇಲ್ಸ್ ರಿಪೋರ್ಟಿನಲ್ಲಿ ಇವೆರಡು ಅದಲುಬದಲಾದರೆ ಮ್ಯಾನೇಜರ್ ಒಂದು ಖಾರದ ಮೇಲ್ ಕಳಿಸ್ತಾರೆ, ಅಲ್ಲಿಗೆ ಮುಗೀತು. ಗ್ಯಾಸ್ ಸೋರಿಕೆ ಪತ್ತೆ ಹಚ್ಚುವ ಪೆಟ್ಟಿಗೆಯಲ್ಲಿ ಅದಲುಬದಲಾದರೆ ಅಷ್ಟಕ್ಕೇ ಮುಗಿಯೋದಿಲ್ಲ.

ಯಾವ ಪೆಟ್ಟಿಗೆ ಅಂತೀರಾ? ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮನೆಮನೆಗೆ ಸಿಲಿಂಡರ್ ತರಿಸೋ ಬದಲು ಕೆಳಗೆ ಒಂದು ಗ್ಯಾಸ್ ಬ್ಯಾಂಕ್ ಇರುತ್ತೆ. ಅಲ್ಲಿ ಸಾಲಾಗಿ ದೊಡ್ಡ ಸಿಲಿಂಡರುಗಳು, ಅಲ್ಲಿಂದ ಪೈಪಿನಲ್ಲಿ ಎಲ್ಲರ ಅಡುಗೆಮನೆಗೆ ಗ್ಯಾಸು. ಸೋರಿದರೆ ಗೊತ್ತಾಗಲಿ ಅಂತ ಅಲ್ಲಲ್ಲಿ ಸೆನ್ಸರ್ ಹಾಕಿ, ಎಲ್ಲದರ ವೈರನ್ನೂ ಸೆಕ್ಯೂರಿಟಿ ಕೋಣೆಯ ಗೋಡೆ ಮೇಲಿನ ಒಂದು ಪ್ಯಾನೆಲ್‌ಗೆ ತಂದಿರುತ್ತಾರೆ. ಒಂದು ಸೆನ್ಸರ್‌ಗೆ ಒಂದು ಚಾನೆಲ್. ನಮ್ಮಲ್ಲಿ ಎಂಟು. ನಾಲ್ಕು ಗ್ಯಾಸ್ ಬ್ಯಾಂಕಿನಲ್ಲಿ, ಮೂರು ಪೈಪ್ ಹೋಗುವ ಡಕ್ಟುಗಳಲ್ಲಿ, ಒಂದು ಕ್ಲಬ್ ಹೌಸಿನ ಅಡುಗೆಮನೆಯಲ್ಲಿ. ಎಂಟು ಸಾಲು, ಎಂಟು ಸೊನ್ನೆ, ಎಂಟು ಹಸಿರು ದೀಪ. ನೋಡೋಕೆ ಬಹಳ ನೆಮ್ಮದಿ.

ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರ್. ಆ ಡಿಗ್ರಿಯ ಕಾರಣಕ್ಕೆ ಅಸೋಸಿಯೇಷನ್ನಿನವರು ನನ್ನನ್ನ ಮೇಂಟೆನೆನ್ಸ್ ಸಮಿತಿಗೆ ಎಳೆದು ಹಾಕಿದ್ದಾರೆ. ಕಳೆದ ತಿಂಗಳ ಮೀಟಿಂಗಿನಲ್ಲಿ ಗ್ಯಾಸ್ ಪ್ಯಾನೆಲ್ಲಿನ ಎಎಂಸಿ ನವೀಕರಿಸಬೇಕೋ ಬೇಡವೋ ಅನ್ನೋ ಚರ್ಚೆ ಬಂತು. ಹಿರಿಯರೊಬ್ಬರು ಎದ್ದು, "ಮೂರು ವರ್ಷದಿಂದ ಅದು ಒಂದು ಸಲವೂ ಹೊಡ್ಕೊಂಡಿಲ್ಲ. ಸುಮ್ನೆ ದುಡ್ಡು ಯಾಕಪ್ಪಾ ದಂಡ?" ಅಂದರು. ಸುಮಾರು ತಲೆಗಳು ಅಲ್ಲಾಡಿದವು. "ಅಂಕಲ್, ಮೂರು ವರ್ಷದಿಂದ ಹೊಡ್ಕೊಂಡಿಲ್ಲ ಅನ್ನೋದೇ ನನಗೆ ಭಯ" ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆ ಸೊನ್ನೆ ಎಲ್ಲಿಂದ ಬರುತ್ತೆ ಅಂತ ಸ್ವಲ್ಪ ನೋಡೋಣ, ಬೋರು ಅಂತ ಓಡಿ ಹೋಗಬೇಡಿ :-)

ಸೆನ್ಸರ್‌ನಿಂದ ಪ್ಯಾನೆಲ್‌ಗೆ ಬರೋದು ಒಂದು ಸಣ್ಣ ಕರೆಂಟು, 4ರಿಂದ 20 ಮಿಲಿಆಂಪ್. ಗ್ಯಾಸ್ ಏನೂ ಇಲ್ಲದಿದ್ದಾಗ 4, ಪೂರ್ತಿ ಅಳತೆಗೆ 20. ಸೊನ್ನೆಗೆ 0 ಮಿಲಿಆಂಪ್ ಇಡದೆ 4 ಇಟ್ಟವರು ನಿಜಕ್ಕೂ ಜಾಣರು. ವೈರ್ ತುಂಡಾದರೆ ಕರೆಂಟು 0ಗೆ ಬೀಳುತ್ತೆ, ಪ್ಯಾನೆಲ್ ಅದನ್ನ "ಫಾಲ್ಟ್" ಅಂತ ಬೇರೆಯಾಗಿ ತೋರಿಸುತ್ತೆ. ಅಂದರೆ ಸೊನ್ನೆ ಬೇರೆ, ನಲ್ ಬೇರೆ. ನಮ್ಮ ಡೇಟಾಬೇಸುಗಳಿಗೂ ಮೊದಲೇ ಇನ್‌ಸ್ಟ್ರುಮೆಂಟಿನವರು ಇದನ್ನ ಕಂಡುಕೊಂಡಿದ್ದರು. ಪ್ಯಾನೆಲ್ ತೋರಿಸೋ ಸಂಖ್ಯೆ ಗಾಳಿಯಲ್ಲಿ ಎಷ್ಟು ಗ್ಯಾಸ್ ಇದೆ ಅಂತಲೂ ಅಲ್ಲ. ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇಕಡಾ 2ರಷ್ಟು ಬೆರೆತರೆ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತೆ. ಆ ಕೆಳಮಿತಿಗೆ ಎಲ್‌ಇಎಲ್ ಅಂತಾರೆ. ಪ್ಯಾನೆಲ್ಲಿನಲ್ಲಿ 100 ಅಂದರೆ ಆ ಮಿತಿ ಮುಟ್ಟಿತು ಅಂತ. ಸಾಮಾನ್ಯವಾಗಿ 20ಕ್ಕೆ ಮೊದಲ ಅಲಾರಂ, 40ಕ್ಕೆ ಎರಡನೆಯದು ಇಡ್ತಾರೆ. 20 ಅಂದಾಗ ಗಾಳಿಯಲ್ಲಿ ಇರೋ ಗ್ಯಾಸು ಶೇಕಡಾ 0.4 ಅಷ್ಟೇ. ಓಡಿ ಹೋಗಿ ವಾಲ್ವ್ ಮುಚ್ಚೋಕೆ ಟೈಮ್ ಸಿಗಲಿ ಅಂತಲೇ ಅಷ್ಟು ಕೆಳಗೆ ಇಟ್ಟಿರೋದು.

ಇಷ್ಟೆಲ್ಲಾ ಜಾಣತನಕ್ಕೆ ನಮ್ಮವರ ಉತ್ತರ ಏನು ಗೊತ್ತಾ? ಹೊಸ ಕೊಟೇಶನ್ ಕೊಡೋಕೆ ಬಂದ ಟೆಕ್ನಿಷಿಯನ್ ಒಬ್ಬರು ಪ್ಯಾನೆಲ್ಲಿನ ಪವರ್ ತೆಗೆದು ಬಾಗಿಲು ಬಿಚ್ಚಿದರು. ಆರನೇ ಚಾನೆಲ್ಲಿನ ಟರ್ಮಿನಲ್‌ಗೆ ಟಾರ್ಚ್ ಬಿಟ್ಟು, "ಸಾರ್, ಇದು ಸೆನ್ಸರ್ ಅಲ್ಲ" ಅಂದರು. ವೈರ್ ಬಿಚ್ಚಿ ಟೇಪ್ ಸುತ್ತಿಟ್ಟಿತ್ತು. ಅದರ ಜಾಗದಲ್ಲಿ ಒಂದು ರೆಸಿಸ್ಟರ್. ಹಸಿರು, ನೀಲಿ, ಕೆಂಪು ಪಟ್ಟೆ, ಅಂದರೆ 5.6 ಕಿಲೋ ಓಮ್. 24 ವೋಲ್ಟಿಗೆ ಅದನ್ನ ಹಾಕಿದರೆ ಹೆಚ್ಚು ಕಡಿಮೆ 4 ಮಿಲಿಆಂಪ್ ಹರಿಯುತ್ತೆ. ಸೆನ್ಸರ್ ಕೆಟ್ಟಿದೆ, ಹಳದಿ ದೀಪ ಬಿಟ್ಟೂಬಿಡದೆ ಉರಿಯುತ್ತೆ, ಬಝರ್ ಕಿರುಗುಟ್ಟುತ್ತೆ, ಗಾರ್ಡ್ ದೂರು ಹೇಳ್ತಾನೆ. ಯಾರೋ ಪುಣ್ಯಾತ್ಮ 1 ರೂಪಾಯಿಯ ರೆಸಿಸ್ಟರ್ ಕೂರಿಸಿ ಎಲ್ಲರ ಕಷ್ಟ ಪರಿಹಾರ ಮಾಡಿದ್ದಾನೆ. ನಲ್ ಅನ್ನ ಕೈಯಾರೆ ಸೊನ್ನೆ ಮಾಡಿ ಹೋಗಿದ್ದಾನೆ. ಆರನೇ ಚಾನೆಲ್ ಯಾವುದು ಅಂದರೆ ಕ್ಲಬ್ ಹೌಸಿನ ಅಡುಗೆಮನೆ. ನಾಮಕರಣ, ಹುಟ್ಟುಹಬ್ಬ, ಗಣೇಶನ ಊಟ, ಎಲ್ಲಾ ನಡೆಯೋದು ಅದರ ಪಕ್ಕದ ಹಾಲಿನಲ್ಲಿ.

ಇದು ಮೋಸದ ಸೊನ್ನೆ. ಮೋಸ ಇಲ್ಲದೆಯೂ ಸುಳ್ಳು ಹೇಳುವ ಸೊನ್ನೆಗಳಿವೆ, ಅವು ಇನ್ನೂ ಕಷ್ಟ. ಉರಿಯುವ ಗ್ಯಾಸಿಗೆ ಹೆಚ್ಚಾಗಿ ಬಳಸುವ ಸೆನ್ಸರ್‌ನ ಒಳಗೆ ಎರಡು ಪುಟಾಣಿ ಮಣಿಗಳಿರುತ್ತವೆ, ಪ್ಲಾಟಿನಂ ತಂತಿಯ ಮೇಲೆ ಕೂತಿದ್ದು, ಸುಮಾರು 500 ಡಿಗ್ರಿ ಬಿಸಿ. ಒಂದರ ಮೇಲೆ ಕ್ಯಾಟಲಿಸ್ಟ್ ಇದೆ, ಇನ್ನೊಂದರ ಮೇಲೆ ಇಲ್ಲ. ಗ್ಯಾಸ್ ಬಂದರೆ ಮೊದಲನೆಯದರ ಮೇಲೆ ಅದು ಉರಿದು ಮಣಿ ಇನ್ನಷ್ಟು ಬಿಸಿಯಾಗುತ್ತೆ. ಆ ವ್ಯತ್ಯಾಸವೇ ಅಳತೆ. ಈ ಕ್ಯಾಟಲಿಸ್ಟ್‌ಗೆ ಸಿಲಿಕೋನ್ ಅಂದರೆ ವಿಷ. ಕಿಟಕಿಗೆ ಬಳಿಯುವ ಸೀಲೆಂಟ್, ಹೊಳಪಿಗೆ ಹೊಡೆಯುವ ಕೆಲವು ಸ್ಪ್ರೇಗಳಿಂದ ಬರುವ ಆವಿ ಸಾಕು, ಮಣಿ ನಿಧಾನಕ್ಕೆ ಸಾಯುತ್ತೆ. ಸತ್ತ ಮಣಿಗೆ ಕರೆಂಟ್ ಹರಿಯುತ್ತಲೇ ಇರುತ್ತೆ, 4 ಮಿಲಿಆಂಪ್ ಬರುತ್ತಲೇ ಇರುತ್ತೆ, ಹಸಿರು ದೀಪ ಉರಿಯುತ್ತಲೇ ಇರುತ್ತೆ. ಗ್ಯಾಸ್ ಬಂದರೂ ಸೊನ್ನೆ. ಇನ್ನೂ ವಿಚಿತ್ರ ಅಂದರೆ, ಗ್ಯಾಸ್ ಬಹಳ ಜಾಸ್ತಿಯಾಗಿ ಆಮ್ಲಜನಕವೇ ಸಾಲದಂತಾದರೆ ಮಣಿಯ ಮೇಲೆ ಉರಿಯೋದು ನಿಂತು, ರೀಡಿಂಗ್ ಮೇಲೆ ಹೋಗಿದ್ದು ಮತ್ತೆ ಕೆಳಗಿಳಿಯುತ್ತೆ. ಅದಕ್ಕೇ ಒಳ್ಳೆಯ ಪ್ಯಾನೆಲ್ ಒಮ್ಮೆ ಅಳತೆ ಮೀರಿದರೆ ಆ ಎಚ್ಚರಿಕೆಯನ್ನ ಹಿಡಿದಿಟ್ಟುಕೊಳ್ಳುತ್ತೆ, ಮನುಷ್ಯ ಬಂದು ನೋಡುವ ತನಕ ಬಿಡೋದಿಲ್ಲ. ಕೊಳ್ಳುವಾಗ ಇದನ್ನ ಕೇಳಿ ಕೊಳ್ಳಬೇಕು.

ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ನಲ್ಲಿ ಆದದ್ದು ಗ್ಯಾಸ್ ಸೆನ್ಸರ್ ಕಥೆಯಲ್ಲ, ಆದರೂ ಇದೇ ಜಾತಿಯದು. 2005ರ ಡಿಸೆಂಬರ್ 11ರ ಬೆಳಗಿನ ಜಾವ ಪೆಟ್ರೋಲ್ ತುಂಬುತ್ತಿದ್ದ ಟ್ಯಾಂಕಿನ ಮಟ್ಟ ತೋರಿಸುವ ಗೇಜ್ ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಪೆಟ್ರೋಲ್ ಏರುತ್ತಲೇ ಇತ್ತು, ಸ್ಕ್ರೀನಿನಲ್ಲಿ ಗೆರೆ ಮಾತ್ರ ನೇರ. ಗೇಜ್ ಅಲ್ಲಾಡದಿದ್ದರೆ ಅಲಾರಂ ಎಲ್ಲಿಂದ ಬರಬೇಕು? ಕೊನೆಯ ಕಾವಲಿಗಿದ್ದ ಬೇರೊಂದು ಸ್ವಿಚ್ಚೂ ಸರಿಯಾದ ಸ್ಥಿತಿಯಲ್ಲಿ ಇರಲಿಲ್ಲ. ಅದರ ಟೆಸ್ಟ್ ಮಾಡುವ ಹಿಡಿಕೆಯನ್ನ ಜಾಗದಲ್ಲಿ ನಿಲ್ಲಿಸಲು ಒಂದು ಬೀಗ ಹಾಕಬೇಕಿತ್ತು, ಹಾಕಿರಲಿಲ್ಲ. ಪೆಟ್ರೋಲ್ ಉಕ್ಕಿ ಆವಿಯಾಗಿ ಹೊತ್ತಿಕೊಂಡಿತು. 40ಕ್ಕೂ ಹೆಚ್ಚು ಜನರಿಗೆ ಗಾಯ. ಭಾನುವಾರದ ಬೆಳಗಿನ ಆರು ಗಂಟೆಯಾದ್ದರಿಂದ ಯಾರೂ ಸಾಯಲಿಲ್ಲ.

ಹಾಗಾದರೆ ಸೊನ್ನೆಯನ್ನ ನಂಬೋದು ಹೇಗೆ? ಒಂದೇ ದಾರಿ, ಸೆನ್ಸರ್‌ಗೆ ನಿಜವಾದ ಗ್ಯಾಸ್ ಕೊಟ್ಟು ನೋಡೋದು. ಇಷ್ಟೇ ಪ್ರಮಾಣ ಅಂತ ಗೊತ್ತಿರುವ, ಸರ್ಟಿಫಿಕೇಟ್ ಇರುವ ಟೆಸ್ಟ್ ಗ್ಯಾಸಿನ ಪುಟ್ಟ ಸಿಲಿಂಡರ್ ಸಿಗುತ್ತೆ. ಸೆನ್ಸರ್ ಬಾಯಿಗೆ ಕಪ್ ಹಿಡಿದು ಬಿಟ್ಟರೆ, 50 ಎಲ್‌ಇಎಲ್‌ನ ಗ್ಯಾಸಿಗೆ ಪ್ಯಾನೆಲ್ಲಿನಲ್ಲಿ ಒಂದೆರಡು ನಿಮಿಷದೊಳಗೆ 50ರ ಆಸುಪಾಸು ಬರಬೇಕು, ಹೂಟರ್ ಕೂಗಬೇಕು, ಗ್ಯಾಸ್ ಲೈನಿನ ಸೊಲೆನಾಯ್ಡ್ ವಾಲ್ವ್ ಟಕ್ ಅಂತ ಮುಚ್ಚಬೇಕು. ಮೂರೂ ಆದರೆ ಆ ಚಾನೆಲ್ಲಿನ ಸೊನ್ನೆಗೆ ಬೆಲೆ ಬಂತು. ನಮ್ಮ ಹಳೆಯ ಕಾಂಟ್ರಾಕ್ಟರ್ ಏನು ಮಾಡ್ತಿದ್ದರು ಅಂದರೆ, ಸಿಗರೇಟ್ ಲೈಟರ್ ಹಚ್ಚದೆ ಸೆನ್ಸರ್ ಮುಂದೆ ಪುಸ್ ಅನ್ನಿಸೋದು. ಕೂಗಿತಾ? ಸರಿ, ಟಿಕ್. ಇದು ಶುದ್ಧ ಗ್ಯಾಸನ್ನ ಒಮ್ಮೆಲೇ ಮುಖಕ್ಕೆ ಊದಿದ ಹಾಗೆ. ಸೆನ್ಸರ್‌ಗೂ ಒಳ್ಳೆಯದಲ್ಲ, 20ಕ್ಕೆ ಕೂಗಬೇಕಾದ್ದು 60ಕ್ಕೆ ಕೂಗುತ್ತಿದ್ದರೂ ಗೊತ್ತಾಗೋದಿಲ್ಲ. ಇನ್ನೊಂದು ಅಪಾಯ: ವಿಷ ತಗುಲಿದ ಮಣಿ ಮೊದಲು ಕುರುಡಾಗೋದು ಮೀಥೇನಿಗೆ. ಲೈಟರಿನಲ್ಲಿರೋದು ಬ್ಯೂಟೇನ್, ಅದಕ್ಕೆ ಇನ್ನೂ ಕೂಗ್ತಾ ಇರುತ್ತೆ.

ಮೀಥೇನ್ ಯಾಕೆ ಬಂತು ಅಂದರೆ, ಬೆಂಗಳೂರಿನಲ್ಲಿ ಈಗ ಎಷ್ಟೋ ಅಪಾರ್ಟ್‌ಮೆಂಟುಗಳು ಸಿಲಿಂಡರ್ ಬ್ಯಾಂಕ್ ಬಿಟ್ಟು ರಸ್ತೆಯಲ್ಲಿ ಬರುವ ಪೈಪ್ ಗ್ಯಾಸಿಗೆ ಬದಲಾಗುತ್ತಿವೆ. ನಮ್ಮಲ್ಲೂ ಆ ಮಾತು ನಡೀತಿದೆ. ಸ್ಟೌ ಬರ್ನರಿನ ಜೆಟ್ ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು. ಸೆನ್ಸರ್ ಬಗ್ಗೆ ಯಾರೂ ಕೇಳೋದಿಲ್ಲ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲದ ಮೇಲೆ ನೀರಿನ ಹಾಗೆ ಹರಿದು ತಗ್ಗಿನಲ್ಲಿ, ಚರಂಡಿಯಲ್ಲಿ ನಿಲ್ಲುತ್ತೆ. ಹಾಗಾಗಿ ಸೆನ್ಸರ್ ನೆಲದಿಂದ ಒಂದಡಿಯೊಳಗೆ. ಪೈಪಿನಲ್ಲಿ ಬರೋ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್, ಗಾಳಿಯ ಹೆಚ್ಚುಕಡಿಮೆ ಅರ್ಧ ತೂಕ, ಸೀದಾ ಸೂರಿಗೆ ಏರುತ್ತೆ. ಗ್ಯಾಸ್ ಬದಲಿಸಿ ಸೆನ್ಸರನ್ನ ಕಾಲಬುಡದಲ್ಲೇ ಬಿಟ್ಟರೆ ಏನಾಗುತ್ತೆ? ಸೂರಿನಡಿ ಗ್ಯಾಸ್ ತುಂಬುತ್ತಿದ್ದರೂ ಕೆಳಗಿನ ಸೆನ್ಸರ್ ಬಹಳ ಪ್ರಾಮಾಣಿಕವಾಗಿ "ನನ್ನ ಹತ್ತಿರ ಸೊನ್ನೆ" ಅಂತ ಹೇಳ್ತಾ ಇರುತ್ತೆ. ಜಾಗವನ್ನೂ ಬದಲಿಸಬೇಕು, ಹೊಸ ಗ್ಯಾಸಿಗೆ ಕ್ಯಾಲಿಬ್ರೇಷನ್ನೂ ಮಾಡಿಸಬೇಕು.

ವೈರಿಂಗ್ ಬಗ್ಗೆ ಚುಟುಕಾಗಿ. ಪ್ಯಾನೆಲ್ ಗ್ಯಾಸ್ ಬರುವ ಜಾಗದಲ್ಲಿ ಇರಲೇಬಾರದು. ಅದಕ್ಕೆ ಬೇರೆಯೇ ಎಂಸಿಬಿ, ಕರೆಂಟ್ ಹೋದರೆ ಬ್ಯಾಟರಿ. ಗ್ಯಾಸ್ ಬ್ಯಾಂಕಿನೊಳಗಿನ ಸೆನ್ಸರ್ ಡಬ್ಬಿ ಫ್ಲೇಮ್‌ಪ್ರೂಫ್ ಆಗಿರಬೇಕು, ಕೇಬಲ್ ಒಳಹೋಗುವ ಗ್ಲ್ಯಾಂಡೂ ಅದೇ ದರ್ಜೆಯದ್ದಾಗಿರಬೇಕು. ಖಾಲಿ ತೂತಿಗೆ ಎಂ-ಸೀಲ್ ಮೆತ್ತಿದರೆ ಸಾವಿರಾರು ರೂಪಾಯಿಯ ಡಬ್ಬಿ ಬರೀ ಡಬ್ಬಿ. ಪವರ್ ಇದ್ದಾಗ ಅದರ ಮುಚ್ಚಳ ತೆಗೆಯಬಾರದು. ಹೂಟರ್ ಮತ್ತು ವಾಲ್ವಿನ ರಿಲೇಗಳು ಸಾಮಾನ್ಯ ಸ್ಥಿತಿಯಲ್ಲಿ ಕರೆಂಟ್ ಹಿಡಿದುಕೊಂಡಿದ್ದು, ಕರೆಂಟ್ ತಪ್ಪಿದರೆ ಸುರಕ್ಷಿತ ಕಡೆಗೆ ಬೀಳುವಂತೆ ಜೋಡಿಸಬೇಕು. ಇದನ್ನ ಉಲ್ಟಾ ಮಾಡಿದರೆ ತಂತಿ ಕಡಿದಿದ್ದು ಬೇಕಾದಾಗಲೇ ಗೊತ್ತಾಗೋದು.

ಇನ್ನು ಮ್ಯೂಟ್ ಬಟನ್. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಊರಿಗೆ ಕೇಳಿಸುವ ಸೈರನ್ನನ್ನ ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿಬಿಟ್ಟಿದ್ದರು, ಜನ ಗಾಬರಿಯಾಗಬಾರದು ಅಂತ. ನಮ್ಮ ಗಾರ್ಡುಗಳನ್ನ ಬೈಯೋ ಮೊದಲು ಅದನ್ನ ನೆನಪಿಸಿಕೊಳ್ಳಬೇಕು. ಮ್ಯೂಟ್ ಇರಲಿ, ಕಿವಿಯ ಹತ್ತಿರ ಹೂಟರ್ ಕೂಗುತ್ತಿದ್ದರೆ ಫೋನಿನಲ್ಲಿ ಮಾತಾಡೋಕೂ ಆಗೋದಿಲ್ಲ. ಆದರೆ ಮೂರನೇ ಚಾನೆಲ್ ಮ್ಯೂಟ್ ಆದ ಮೇಲೆ ನಾಲ್ಕನೆಯದು ಬಂದರೆ ಹೂಟರ್ ಮತ್ತೆ ಕೂಗಲೇಬೇಕು. ಟೆಸ್ಟ್ ಮಾಡಲು ಚಾನೆಲ್ ಬೈಪಾಸ್ ಮಾಡಿದರೆ ಒಂದಿಷ್ಟು ಹೊತ್ತಿನ ಮೇಲೆ ತಾನಾಗಿಯೇ ವಾಪಸ್ ಬರಬೇಕು, ಬೈಪಾಸಿನ ಕೀಲಿ ಪ್ಯಾನೆಲ್ಲಿಗೇ ನೇತಾಡುತ್ತಿರಬಾರದು. ನಮ್ಮದರಲ್ಲಿ ನೇತಾಡುತ್ತಿತ್ತು, ಗಣಪತಿಯ ಕೀಚೈನ್ ಸಮೇತ.

ಕನ್ನಡದ ವಿಷಯಕ್ಕೂ ಬರ್ತೀನಿ, ಇಲ್ಲದಿದ್ದರೆ ನೀವು ಬಿಡೋದಿಲ್ಲ. ಪ್ಯಾನೆಲ್ಲಿನ ಮೇಲೆ ಬರೆದಿದ್ದಿದ್ದು ಬರೀ ಇಂಗ್ಲಿಷಿನಲ್ಲಿ, ಅದೂ ಚಾನೆಲ್ ನಂಬರ್ ಅಷ್ಟೇ. ಹಗಲಿನ ಗಾರ್ಡ್ ರಾಯಚೂರಿನವರು, ರಾತ್ರಿಯವನು ಅಸ್ಸಾಮಿನ ಹುಡುಗ. ಐದನೇ ಚಾನೆಲ್ ಎಲ್ಲಿ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಸೆಕ್ರೆಟರಿಗೂ ಗೊತ್ತಿರಲಿಲ್ಲ ಬಿಡಿ. ಈಗ ಕನ್ನಡ ಮತ್ತು ಹಿಂದಿಯಲ್ಲಿ "ಬಿ ಬ್ಲಾಕ್ ಪೈಪ್ ಡಕ್ಟ್" ಅಂತ ಹೆಸರು ಅಂಟಿಸಿದ್ದೀವಿ. ಕೆಳಗೆ ದಪ್ಪ ಅಕ್ಷರದಲ್ಲಿ: ಕೆಂಪು ದೀಪ ಬಂದರೆ ಆ ಜಾಗದಲ್ಲಿ ಲೈಟ್ ಸ್ವಿಚ್ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ, ಹೊರಗಿನ ಮೇನ್ ವಾಲ್ವ್ ಮುಚ್ಚಿ, ಜನರನ್ನ ದೂರ ಕಳಿಸಿ, ಆಮೇಲೆ ಫೋನ್ ಮಾಡಿ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟೋದರ ಜೊತೆ ಇದನ್ನೂ ಕನ್ನಡದ ಕೆಲಸ ಅಂತ ಲೆಕ್ಕಕ್ಕೆ ತಗೊಳ್ಳಬಹುದು ಅನ್ಸುತ್ತೆ.

ನನ್ನ ಅಭಿಪ್ರಾಯ ಇಷ್ಟು. ಈ ಪ್ಯಾನೆಲ್ಲುಗಳಿಗೆ "ಬಂದು ನೋಡಿ ಸಹಿ ಹಾಕಿ ಹೋಗುವ" ಎಎಂಸಿ ಕೊಡೋದನ್ನ ನಿಲ್ಲಿಸಬೇಕು. ಪ್ರತಿ ಚಾನೆಲ್‌ಗೂ ಟೆಸ್ಟ್ ಗ್ಯಾಸ್ ಕೊಟ್ಟದ್ದಕ್ಕೆ ದುಡ್ಡು ಕೊಡಬೇಕು, ನಮ್ಮವರೊಬ್ಬರು ಪಕ್ಕದಲ್ಲಿ ನಿಂತು ಎಷ್ಟು ರೀಡಿಂಗ್ ಬಂತು, ವಾಲ್ವ್ ಮುಚ್ಚಿತಾ ಅಂತ ಬರೆದುಕೊಳ್ಳಬೇಕು. ಸಿಲಿಂಡರಿನ ಎಕ್ಸ್‌ಪೈರಿ ದಿನಾಂಕವನ್ನೂ ನೋಡಬೇಕು, ಟೆಸ್ಟ್ ಗ್ಯಾಸಿಗೂ ವಯಸ್ಸಾಗುತ್ತೆ. ಇದರಿಂದ ಖರ್ಚು ಹೆಚ್ಚಾಗುತ್ತೆ, ಸುಳ್ಳು ಹೇಳೋದಿಲ್ಲ. ನಮ್ಮ ಮೀಟಿಂಗಿನಲ್ಲಿ ಮನೆಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿದಾಗ ತಿಂಗಳಿಗೆ ಒಂದು ಮಸಾಲೆದೋಸೆಗಿಂತ ಕಡಿಮೆ ಬಂತು. ರೆಸಿಸ್ಟರನ್ನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೆ. ಅದನ್ನ ಎಲ್ಲರೂ ಒಂದೊಂದು ಸಲ ಕೈಗೆ ತಗೊಂಡು ನೋಡಿದರು. ಎಎಂಸಿಗೆ ಒಪ್ಪಿಗೆ ಸಿಕ್ಕಿತು, ಇಬ್ಬರು ಕೈ ಎತ್ತಲಿಲ್ಲ.

ಹೊಸ ಸೆನ್ಸರ್ ಬಂದಿದೆ, ಬರುವ ಭಾನುವಾರ ಎಂಟೂ ಚಾನೆಲ್ಲಿಗೆ ಗ್ಯಾಸ್ ಹಿಡಿಯುತ್ತೀವಿ. ಅಲ್ಲಿಯ ತನಕ ಕ್ಲಬ್ ಹೌಸಿನ ಅಡುಗೆಮನೆಗೆ ಹೋಗುವ ಗ್ಯಾಸ್ ವಾಲ್ವ್ ಮುಚ್ಚಿ ಬೀಗ ಹಾಕಿಸಿದ್ದೀನಿ. ಒಂದು ನಾಮಕರಣದ ಊಟ ಹೊರಗಿನಿಂದ ತರಿಸಬೇಕಾಯ್ತು, ಅದಕ್ಕೆ ಬೈಗುಳವನ್ನೂ ತಿಂದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೋ, ಆಫೀಸಿನ ಕ್ಯಾಂಟೀನಿನಲ್ಲೋ ಇಂಥ ಪ್ಯಾನೆಲ್ ಇದ್ದರೆ ಕೊನೆಯ ಸಲ ಗ್ಯಾಸ್ ಹಿಡಿದು ನೋಡಿದ್ದು ಯಾವಾಗ ಅಂತ ಕೇಳಿ ನೋಡಿ. ಏನು ಉತ್ತರ ಬಂತು ಅಂತ ಇಲ್ಲಿ ಬರೆದರೆ ನಮ್ಮ ಸಮಿತಿಗೂ ಓದಿ ಹೇಳ್ತೀನಿ.