ಮಾನ್ಯತೆ ಅವರ ಕೈಯಲ್ಲಿ, ಸದಸ್ಯತ್ವ ನಮ್ಮ ಕೈಯಲ್ಲಿ

ಆಡಳಿತ ಮಂಡಳಿ ಯಾವ ಸಂಘಕ್ಕೂ ಮಾನ್ಯತೆ ಕೊಡುವುದಿಲ್ಲ ಎಂದಮೇಲೆ ಚಂದಾ ಕಟ್ಟಿ ಸದಸ್ಯರಾಗಿ ಏನು ಬಂತು? 2019ರ ಮುಷ್ಕರದ ನಂತರ ಹೈದರಾಬಾದಿನ ಬಸ್ ಡಿಪೋಗಳಲ್ಲಿ ಈ ಪ್ರಶ್ನೆ ತಿರುತಿರುಗಿ ಬರುತ್ತಿದೆ. ಮಾಧಾಪುರದ ಐಟಿ ಕಚೇರಿಗಳಲ್ಲೂ ಹೋಟೆಲುಗಳ ಮುಂದೆ ಆರ್ಡರಿಗೆ ಕಾದು ನಿಂತ ಡೆಲಿವರಿ ಹುಡುಗರಲ್ಲೂ ಇದೇ ಮಾತು. ಕೇಳಲು ವ್ಯವಹಾರಜ್ಞಾನದ ಹಾಗಿದೆ. ಕೊನೆಗೆ ಲಾಭವಾಗುವುದು ಮಾಲೀಕರಿಗೆ. ಮಾನ್ಯತೆ ಇಲ್ಲದಿರುವಾಗಲೇ ಸಂಘ ಸೇರಬೇಕು ಎಂಬುದು ನನ್ನ ವಾದ.

ಮೊದಲು ತೆಲಂಗಾಣದ ರಸ್ತೆ ಸಾರಿಗೆ ಸಂಸ್ಥೆ, ಆರ್‌ಟಿಸಿಯ ಕಥೆ. 2019ರ ಅಕ್ಟೋಬರ್ 5ರಂದು ಸುಮಾರು 48 ಸಾವಿರ ಸಾರಿಗೆ ನೌಕರರು ಮುಷ್ಕರಕ್ಕಿಳಿದರು. ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನಗೊಳಿಸಿ ಎಂಬುದು ಮುಖ್ಯ ಬೇಡಿಕೆ. ಕೆಲಸಕ್ಕೆ ಬಾರದವರು ತಮ್ಮನ್ನು ತಾವೇ ವಜಾ ಮಾಡಿಕೊಂಡಂತೆ ಎಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಸಾರಿದರು. 52 ದಿನಗಳ ನಂತರ ಮುಷ್ಕರ ಮುರಿಯಿತು. ನೌಕರರನ್ನು ವಾಪಸು ತೆಗೆದುಕೊಂಡ ಮುಖ್ಯಮಂತ್ರಿ, ಡಿಸೆಂಬರ್ 1ರಂದು ಡಿಪೋಗಳಿಂದ ಆಯ್ದವರನ್ನು ತಮ್ಮ ಅಧಿಕೃತ ನಿವಾಸ ಪ್ರಗತಿ ಭವನಕ್ಕೆ ಕರೆಸಿ ಊಟ ಹಾಕಿ, ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸಿ, ಇನ್ನೆರಡು ವರ್ಷ ಸಂಘಗಳ ಮಾತೇ ಬೇಡ ಎಂದರು. ಸಂಘದ ಜಾಗದಲ್ಲಿ ಕ್ಷೇಮ ಸಮಿತಿಗಳು ಬಂದವು. ಎರಡು ವರ್ಷದ ಗಡುವು ಮುಗಿದರೂ ಮಾನ್ಯತೆಯ ಚುನಾವಣೆ ನಡೆಯಲಿಲ್ಲ. ಕೊನೆಯದು ನಡೆದದ್ದು 2016ರಲ್ಲಿ.

ಆ ಚುನಾವಣೆ ಗೆದ್ದ ತೆಲಂಗಾಣ ಮಜ್ದೂರ್ ಯೂನಿಯನ್ ಬೀದಿಯ ಸಂಘವೇನಲ್ಲ. ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ಬೆಳೆದದ್ದು. ಮುಖ್ಯಮಂತ್ರಿಯ ಸೋದರಳಿಯ ಹರೀಶ್ ರಾವ್ ಅದರ ಗೌರವಾಧ್ಯಕ್ಷರಾಗಿದ್ದವರು. ಆ ಹೋರಾಟದ ಭಾಗವಾಗಿ 2011ರಲ್ಲಿ ನಡೆದ ಸಕಲ ಜನುಲ ಸಮ್ಮೆಯಲ್ಲಿ (ಸರ್ವಜನರ ಮುಷ್ಕರ) ಬಸ್ಸು ನಿಲ್ಲಿಸಿದ್ದೂ ಇದೇ ನೌಕರರು. ಅಷ್ಟೆಲ್ಲ ನಂಟಿದ್ದ ಸಂಘವೇ ಒಂದು ಮಾತಿಗೆ ಮೂಲೆಗೆ ಬಿತ್ತು. ಹಾಗಾದರೆ ಮಾನ್ಯತೆಯ ಬೆಲೆ ಎಷ್ಟು? ಕೊಟ್ಟವರು ಬೇಡವೆನಿಸಿದ ದಿನ ಕಿತ್ತುಕೊಳ್ಳಬಹುದಾದಷ್ಟು. ಸದಸ್ಯತ್ವವನ್ನು ಹಾಗೆ ಕಿತ್ತುಕೊಳ್ಳಲಾಗದು. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿ ಕೊಟ್ಟ ಹಕ್ಕು. ಅದಕ್ಕೆ ಡಿಪೋ ಮ್ಯಾನೇಜರ್ ಸಹಿ ಬೇಕಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. 2019ರಲ್ಲಿ ಸಾಧ್ಯವೇ ಇಲ್ಲ ಎಂದ ವಿಲೀನಕ್ಕೆ ಅದೇ ಸರ್ಕಾರ 2023ರಲ್ಲಿ ಮಸೂದೆ ತಂದಿತು. ಮಂಡನೆಗೆ ರಾಜ್ಯಪಾಲರ ಒಪ್ಪಿಗೆ ತಡವಾದಾಗ, ಆಗಸ್ಟ್ 5ರಂದು ನೌಕರರು ಬಸ್ಸು ನಿಲ್ಲಿಸಿ ರಾಜಭವನಕ್ಕೆ ನಡೆದರು. ರಾಜ್ಯಪಾಲರು ವಿಡಿಯೊ ಕಾನ್ಫರೆನ್ಸಿನಲ್ಲಿ ಮಾತಾಡಿದ್ದು ಯಾರ ಜತೆ? ಕಾರ್ಮಿಕ ಮುಖಂಡರ ಜತೆ. ಚುನಾವಣೆ ಹತ್ತಿರವಿತ್ತು, ಎಲ್ಲವೂ ಸಂಘದ ಪ್ರತಾಪವೆನ್ನಲಾಗದು; ವಿಲೀನ ಕಾಗದದಲ್ಲೇ ಉಳಿದದ್ದೂ ಹೌದು. ಆದರೆ ಸರ್ಕಾರ ಬದಲಾದ ಮೇಲೂ ಅದೇ ಕಂಡಿತು. 2025ರ ಮೇ 7ರಿಂದ ಮುಷ್ಕರವೆಂದು ಆರ್‌ಟಿಸಿ ಸಂಘಗಳ ಜಂಟಿ ಕ್ರಿಯಾ ಸಮಿತಿ ಘೋಷಿಸಿದಾಗ, ಸಾರಿಗೆ ಸಚಿವ ಪೊನ್ನಂ ಪ್ರಭಾಕರ್ ಅದರ ಮುಖಂಡರನ್ನು ಮಾತಿಗೆ ಕರೆದರು. ಬೇಡಿಕೆ ಪರಿಶೀಲಿಸಲು ಮೂವರು ಐಎಎಸ್ ಅಧಿಕಾರಿಗಳ ಸಮಿತಿ ರಚನೆಯಾಯಿತು, ಮುಷ್ಕರ ಮುಂದಕ್ಕೆ ಹೋಯಿತು. ಮಾನ್ಯತೆ ಇಲ್ಲದವರನ್ನು ಸಚಿವರು ಕರೆದದ್ದು ಅವರ ಹಿಂದೆ ನಿಂತ ತಲೆಗಳನ್ನು ಎಣಿಸಿ.

ದೊಡ್ಡ ಮಾತು ಬಿಡಿ, ಡ್ಯೂಟಿಯ ಮಾತಿಗೆ ಬನ್ನಿ. ಮಹಾಲಕ್ಷ್ಮಿ ಯೋಜನೆ ಬಂದ ಮೇಲೆ ನಗರದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಉಚಿತವಾಗಿ ಪ್ರಯಾಣಿಸುವ ಮಹಿಳೆಗೂ ಕಂಡಕ್ಟರ್ ಜೀರೊ ಟಿಕೆಟ್ ಹರಿದು ಕೊಡಬೇಕು. ಹಿಂಬಾಗಿಲಿನತ್ತ ತಲುಪುವಷ್ಟರಲ್ಲಿ ಚೆಕಿಂಗ್ ಸ್ಕ್ವಾಡ್ ಹತ್ತಿ, ಟಿಕೆಟ್ ಇಲ್ಲದ ಒಬ್ಬ ಸಿಕ್ಕಿಬಿದ್ದರೆ ಮೆಮೊ ಬರುತ್ತದೆ, ಹಿಂದೆಯೇ ಚಾರ್ಜ್‌ಶೀಟ್. ಅದಕ್ಕೆ ಏನೆಂದು ಉತ್ತರ ಬರೆಯಬೇಕು? ‘ತಪ್ಪಾಯಿತು, ಕ್ಷಮಿಸಿ’ ಎಂದು ಗಾಬರಿಯಲ್ಲಿ ಬರೆದುಕೊಟ್ಟರೆ ಮುಂದೆ ಅದೇ ತಪ್ಪೊಪ್ಪಿಗೆ. ಬಸ್ಸಿನಲ್ಲಿ ಎಷ್ಟು ಮಂದಿಯಿದ್ದರು, ಎರಡು ಸ್ಟಾಪುಗಳ ನಡುವೆ ಎಷ್ಟು ನಿಮಿಷವಿತ್ತು ಎಂಬುದನ್ನು ಮೊದಲು ಬರೆಸುವವನು, ಇಂಥ ಹತ್ತಾರು ಕಾಗದ ಕಂಡ ಸಂಘದ ಹಳೆಯ ಮನುಷ್ಯ. ಈ ಕೆಲಸಕ್ಕೆ ಮಾನ್ಯತೆ ಬೇಡ. ವಿವಾದ ಲೇಬರ್ ಆಫೀಸರ್ ಬಳಿಗೋ ಲೇಬರ್ ಕೋರ್ಟಿಗೋ ಹೋದರೂ, ನೋಂದಾಯಿತ ಸಂಘದ ಪದಾಧಿಕಾರಿ ತನ್ನ ಸದಸ್ಯನ ಪರ ನಿಲ್ಲಬಹುದು. ಕೈಗಾರಿಕಾ ವಿವಾದ ಕಾಯ್ದೆಯ 36ನೇ ಸೆಕ್ಷನ್ ಕೇಳುತ್ತಿದ್ದುದು ನೋಂದಣಿ ಮತ್ತು ಸದಸ್ಯತ್ವ, ಎರಡನ್ನೇ. ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಹಕ್ಕು ಉಳಿದಿದೆ.

ಮಾನ್ಯತೆ ಬರಲಿ, ಆಮೇಲೆ ಸೇರೋಣ ಎನ್ನುವವರು ಈಜು ಕಲಿತ ಮೇಲೆ ನೀರಿಗಿಳಿಯುತ್ತೇವೆ ಎನ್ನುವವರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಇದೇ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಹಾಜರಿ ಪುಸ್ತಕದ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಸಂಧಾನಕಾರ. ಅಷ್ಟು ಯಾರಿಗೂ ಇಲ್ಲದಿದ್ದರೆ, ಶೇ 20ರಷ್ಟು ಬೆಂಬಲವಿರುವ ಸಂಘಗಳ ಸಂಧಾನ ಮಂಡಳಿ. ಮುಷ್ಕರಕ್ಕೆ 14 ದಿನಗಳ ನೋಟಿಸ್ ಕಡ್ಡಾಯ ಮಾಡಿ ಕಾರ್ಮಿಕರ ಕೈ ಕಟ್ಟಿದ ಈ ಸಂಹಿತೆಯ ಬಗ್ಗೆ ನನಗೆ ಪ್ರೀತಿಯಿಲ್ಲ. ಆದರೂ ಅದು ಒಂದು ಸಂಗತಿಯನ್ನು ಸ್ಪಷ್ಟ ಮಾಡಿದೆ: ಹೊರಗೆ ನಿಂತು ಕಾಯುವ ಪ್ರತಿಯೊಬ್ಬನೂ ಆ 51ರಲ್ಲಿ ಒಂದು ಕಡಿಮೆ ಮಾಡುತ್ತಿದ್ದಾನೆ.

ಚರಿತ್ರೆಯೂ ಹೀಗೇ ನಡೆದಿದೆ. 1918ರಲ್ಲಿ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು ಸಂಘ ಕಟ್ಟಿದಾಗ ಈ ದೇಶದಲ್ಲಿ ಕಾರ್ಮಿಕ ಸಂಘದ ಕಾಯ್ದೆಯೇ ಇರಲಿಲ್ಲ. ಗಿರಣಿಗಳನ್ನು ನಡೆಸುತ್ತಿದ್ದದ್ದು ಬೆಂಗಳೂರಿಗೂ ಪರಿಚಿತವಾದ ಬಿನ್ನಿ ಕಂಪನಿ. ಸಂಘದ ಮುಖಂಡ ಬಿ.ಪಿ. ವಾಡಿಯಾ ಮೇಲೆ ಕಂಪನಿ ಮದರಾಸ್ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಆ ಅನ್ಯಾಯದಿಂದಲೇ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ಕಾನೂನಿಗೆ ಒತ್ತಾಯಿಸಿದರು, 1926ರಲ್ಲಿ ಕಾಯ್ದೆ ಬಂತು. ಸಂಘ ಮೊದಲು, ಕಾಯ್ದೆ ಎಂಟು ವರ್ಷ ತಡ.

ಇಂದಿನ ಸಾಕ್ಷಿಯೂ ಇದೆ. ತೆಲಂಗಾಣದ ಗಿಗ್ ಕಾರ್ಮಿಕರ ಸಂಘದ ಶೇಖ್ ಸಲಾಹುದ್ದೀನ್‌ಗೆ ಆ್ಯಪ್ ಕಂಪನಿಗಳೇನೂ ಮಾನ್ಯತೆಯ ಪತ್ರ ಕೊಟ್ಟಿರಲಿಲ್ಲ. ಸವಾರರು ‘ಪಾರ್ಟ್‌ನರ್’ಗಳು, ನೌಕರರೇ ಅಲ್ಲ ಎನ್ನುವುದು ಆ ಕಂಪನಿಗಳ ವಾದ. ಆದರೂ ಸಂಘ ಒತ್ತಾಯಿಸುತ್ತಲೇ ಬಂತು, 2025ರ ಏಪ್ರಿಲ್‌ನಲ್ಲಿ ತೆಲಂಗಾಣದಲ್ಲಿ ಗಿಗ್ ಕಾರ್ಮಿಕರಿಗಾಗಿ ಕರಡು ಮಸೂದೆ ಹೊರಬಂತು. ಕರ್ನಾಟಕವಂತೂ ಅದೇ ವರ್ಷ ಕಾಯ್ದೆಯನ್ನೇ ಮಾಡಿ, ಸವಾರರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರಷ್ಟು ಕ್ಷೇಮನಿಧಿ ಶುಲ್ಕ ಕಟ್ಟುವಂತೆ ವಿಧಿಸಿತು. ಐಡಿ ಬ್ಲಾಕ್ ಆದಾಗ ಒಬ್ಬ ಸವಾರ ಒಬ್ಬನೇ ಕೂಗಿದರೆ ಆ್ಯಪ್ ‘ನಿಮ್ಮ ದೂರು ದಾಖಲಾಗಿದೆ’ ಎನ್ನುತ್ತದೆ, ಅಷ್ಟೆ.

ಅಪಾಯವಿಲ್ಲವೇ? ಖಂಡಿತ ಇದೆ. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳಕ್ಕಾಗಿ ಕರ್ನಾಟಕದ ಸಾರಿಗೆ ನೌಕರರ ಕೂಟ ಮುಷ್ಕರ ಹೂಡಿತು. ಕೂಟಕ್ಕೆ ಮಾನ್ಯತೆಯಿಲ್ಲ, ಗೌರವಾಧ್ಯಕ್ಷ ಕೋಡಿಹಳ್ಳಿ ಚಂದ್ರಶೇಖರ್ ರೈತ ಮುಖಂಡ ಎಂದು ಸರ್ಕಾರ ಮಾತಿಗೇ ಕೂರಲಿಲ್ಲ. ಸಾವಿರಾರು ಮಂದಿ ಅಮಾನತು, ವಜಾ, ವರ್ಗಾವಣೆ ಉಂಡರು. ಅವರ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂದು ವೀರಾವೇಶದ ಭಾಷಣಕಾರರು ಕೇಳಿಕೊಳ್ಳಬೇಕು. ಆದರೆ ಆ ಪೆಟ್ಟು ಬಿದ್ದದ್ದು ಮುಷ್ಕರಕ್ಕೆ. ಸಂಘ ಸೇರುವುದು ಬೇರೆ, ಸಿದ್ಧತೆಯಿಲ್ಲದೆ ಮುಷ್ಕರಕ್ಕೆ ಧುಮುಕುವುದು ಬೇರೆ. ಹೈದರಾಬಾದಿನ 52 ದಿನಗಳೂ ಬೆಂಗಳೂರಿನ ಹದಿನೈದು ದಿನಗಳೂ ಕಲಿಸುವ ಪಾಠ ಒಂದೇ: ಮುಖಂಡರ ಮಾತು ಸದಸ್ಯರ ತಾಕತ್ತಿಗಿಂತ ಮುಂದೆ ಓಡಬಾರದು. ಅದನ್ನು ಹಿಡಿದು ನಿಲ್ಲಿಸಬೇಕಾದವರೂ ಸದಸ್ಯರೇ. ಹೊರಗಿನಿಂದ ಬೈಯುವವನಿಗೆ ಸಂಘದ ಸಭೆಯಲ್ಲಿ ಮತವಿರುವುದಿಲ್ಲ.

ಆದ್ದರಿಂದ ಕಣ್ಣುಮುಚ್ಚಿ ಸೇರಬೇಡಿ. ನೋಂದಣಿ ಸಂಖ್ಯೆ ಕೇಳಿ, ಚಂದಾಕ್ಕೆ ರಸೀದಿ ಪಡೆಯಿರಿ, ವರ್ಷದ ಲೆಕ್ಕಪತ್ರ ತೋರಿಸಿ ಎನ್ನಿ, ಮುಖಂಡ ಯಾವ ಪಕ್ಷದ ಟಿಕೆಟ್ಟಿಗೆ ಕಾಯುತ್ತಿದ್ದಾನೆ ಎಂದು ವಿಚಾರಿಸಿ. ಇದಕ್ಕೆಲ್ಲ ಸರಿಯಾದ ಉತ್ತರ ಕೊಡುವ ಸಂಘ ಸಿಕ್ಕರೆ ಸೇರಿ. ಸಿಗದಿದ್ದರೆ ಕಟ್ಟಿ, ನೋಂದಣಿಯ ಅರ್ಜಿಗೆ ಕನಿಷ್ಠ ಏಳು ಸದಸ್ಯರ ಸಹಿ ಬೇಕು. ಇತ್ತ ತೆಲಂಗಾಣ ಸರ್ಕಾರ ಆರ್‌ಟಿಸಿಯಲ್ಲಿ ಗುಪ್ತ ಮತದಾನ ನಡೆಸಲಿ. ಸಂಘ ಬೇಡವೆಂದು ನೌಕರರೇ ಹೇಳುತ್ತಿದ್ದಾರೆ ಎಂದು ನಂಬಿರುವವರು ಅವರ ಮತಪೆಟ್ಟಿಗೆಗೆ ಹೆದರುವುದೇಕೆ?